ನೈಟ್ರಸ್ ಕಿಟ್ ಬಳಸಿದ ಅನುಭವ: ನಮ್ಮ ಕಡೆ ಬಿಸಿಲಿಗೆ ಇದು ಹೇಗೆ?

ನೈಟ್ರಸ್ ಕಿಟ್ ಅಂದರೆ ಬಾಟಲಿಯಲ್ಲಿರುವ ನೈಟ್ರಸ್ ಆಕ್ಸೈಡ್ ಗ್ಯಾಸನ್ನು ಇಂಜಿನ್‌ಗೆ ಬಿಟ್ಟು ಸ್ವಲ್ಪ ಹೊತ್ತು ಶಕ್ತಿ ಹೆಚ್ಚಿಸುವ ಸಾಮಾನು. ನನ್ನ ಕಿಟ್: ವೆಟ್ ಮಾದರಿ (ಗ್ಯಾಸ್ ಜೊತೆ ಹೆಚ್ಚುವರಿ ಪೆಟ್ರೋಲನ್ನೂ ಬಿಡುವಂಥದ್ದು), 10 ಪೌಂಡ್ ಬಾಟಲಿ, 35 ಎಚ್‌ಪಿ ಜೆಟ್ (ಎಷ್ಟು ಹರಿಯಬೇಕು ಅನ್ನುವುದನ್ನು ನಿಗದಿ ಮಾಡುವ ಸಣ್ಣ ತೂತಿನ ಭಾಗ). ಗಾಡಿ: ಟ್ರ್ಯಾಕ್‌ಗೆಂದೇ ಇಟ್ಟುಕೊಂಡಿರುವ ಹಳೇ 1.5 ಲೀಟರ್ ಪೆಟ್ರೋಲ್ ಕಾರು. ಊರು: ಬೆಳಗಾವಿ. ಹಾಕಿಸಿ ಕೆಲವು ವರ್ಷ ಆಯಿತು. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು "ಅಣ್ಣಾ, ನಮ್ಮ ಗಾಡಿಗೂ ಹಾಕಿಸ್ಲೇನು?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಕಿಟ್ ಹೇಳಿದ ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಸ್ವಿಚ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಗಾಡಿ ಎಳೆಯುವ ರೀತಿಯೇ ಬೇರೆ. ಟರ್ಬೋ ತರಹ ಕಾಯಬೇಕಿಲ್ಲ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಕ್ಸಿಜನ್ ಸುಮಾರು ಶೇ 23, ನೈಟ್ರಸ್‌ನಲ್ಲಿ ಶೇ 36. ಇಂಜಿನ್ ಒಳಗಿನ ಬಿಸಿಗೆ ಗ್ಯಾಸ್ ಒಡೆದು ಆ ಆಕ್ಸಿಜನ್ ಹೊರಬರುತ್ತದೆ. ಅದರ ಜೊತೆ ಜಾಸ್ತಿ ಪೆಟ್ರೋಲ್ ಉರಿದರೆ ಜಾಸ್ತಿ ಶಕ್ತಿ. ನೈಟ್ರಸ್ ತಾನಾಗಿ ಉರಿಯುವ ಗ್ಯಾಸ್ ಅಲ್ಲ. ಹಾಗಾಗಿ ಎಲ್ಲಾ ನಿಂತಿರುವುದು ಪೆಟ್ರೋಲ್ ಮೇಲೆ. ಆ ಗಳಿಗೆಯಲ್ಲಿ ಪೆಟ್ರೋಲ್ ಕಡಿಮೆ ಬಿತ್ತೋ, ಇಂಜಿನ್ ಕೈಬಿಟ್ಟಿತು ಅಂತಲೇ ಲೆಕ್ಕ.

ಗೆಳೆಯನೊಬ್ಬನ ಗಾಡಿಯಲ್ಲಿ ಹಾಗೇ ಆಯಿತು. ಉದ್ಯಮಬಾಗದ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚುವಾಗ ನಾನೂ ಇದ್ದೆ. ಒಂದು ಪಿಸ್ಟನ್ನಿನ ಅಂಚು ಕರಗಿ ಇಳಿದಿತ್ತು. ಮೊದಲನೇ ಮತ್ತು ಎರಡನೇ ರಿಂಗಿನ ನಡುವಿನ ಪಟ್ಟಿ ಮುರಿದು ತುಂಡು ಕೈಗೇ ಬಂತು. ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಹೊಳೆಯುತ್ತಿದ್ದವು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಮಿಸ್ತ್ರಿ ಪ್ಲಗ್ಗನ್ನು ಬೆಳಕಿಗೆ ಹಿಡಿದು, "ಪೆಟ್ರೋಲ್ ಸಾಲಿಲ್ರಿ ಇದಕ್ಕ" ಅಂದರು. ಅವನ ಗಾಡಿಯ ಫ್ಯುಯೆಲ್ ಪಂಪ್ ಹಳೆಯದು. ದಿನದ ಓಡಾಟಕ್ಕೆ ಸಾಕಾಗುತ್ತಿತ್ತು, ನೈಟ್ರಸ್ ಬಂದಾಗ ಒತ್ತಡ ಕುಸಿಯಿತು. ನಾಕಿಂಗ್ (ಇಂಜಿನ್ ಒಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವ) ಶಬ್ದ ಕೇಳಿ ಕಾಲು ತೆಗೆಯೋಣ ಅಂದರೆ ಅಷ್ಟು ಪುರುಸೊತ್ತೂ ಸಿಗುವುದಿಲ್ಲ.

ಈಗ ಬಿಸಿಲಿನ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಬಾಟಲಿಯಲ್ಲಿ ನೈಟ್ರಸ್ ಒತ್ತಡಕ್ಕೆ ದ್ರವವಾಗಿ ಇರುತ್ತದೆ. 20 ಡಿಗ್ರಿಯಲ್ಲಿ ಸುಮಾರು 50 ಬಾರ್, ಅಂದರೆ ಸುಮಾರು 725 ಪಿಎಸ್‌ಐ. 36.4 ಡಿಗ್ರಿ ದಾಟಿದರೆ ಎಷ್ಟೇ ಒತ್ತಡ ಇದ್ದರೂ ಅದು ದ್ರವವಾಗಿ ನಿಲ್ಲುವುದಿಲ್ಲ, ಆಮೇಲೆ ತುಂಬಿದ ಬಾಟಲಿಯ ಒತ್ತಡ ಸರಸರ ಏರುತ್ತದೆ. ಈ ಕಿಟ್‌ಗಳು ಹೆಚ್ಚಾಗಿ ಬರುವುದು ಹೊರದೇಶಗಳಿಂದ. ಅಲ್ಲಿ ಚಳಿಗೆ ಬಾಟಲಿ ಬಿಸಿ ಮಾಡಲು ಹೀಟರ್ ಬೆಲ್ಟ್ ಮಾರುತ್ತಾರೆ! ಬೆಳಗಾವಿಯ ಮಳೆಗಾಲಕ್ಕೆ ಬೇಕಾದರೆ ಅದು ಸರಿ. ಆದರೆ ಏಪ್ರಿಲ್‌ನಲ್ಲಿ ವಿಜಯಪುರದಲ್ಲಿ ನೆರಳಲ್ಲೇ 40 ಡಿಗ್ರಿ. ಬಿಸಿಲಲ್ಲಿ ನಿಂತ ಕಾರಿನ ಒಳಗೆ 60 ಆದರೂ ಆಶ್ಚರ್ಯ ಇಲ್ಲ.

ಬಾಟಲಿ ಒಡೆಯುತ್ತದೆ ಅನ್ನುವ ಭಯ ಒಂದೇ ಅಲ್ಲ. ಅದಕ್ಕೆ ಒತ್ತಡ ಮಿತಿ ಮೀರಿದರೆ ತಾನೇ ಹರಿದು ಗ್ಯಾಸ್ ಬಿಡುವ ಸೇಫ್ಟಿ ಡಿಸ್ಕ್ ಇದೆ. ಡಿಸ್ಕ್ ಹರಿದರೆ ಗ್ಯಾಸ್ ಕಾರಿನ ಹೊರಗೆ ಹೋಗುವ ಹಾಗೆ ಪೈಪ್ ಹಾಕಿಸಲೇಬೇಕು, ಇಲ್ಲದಿದ್ದರೆ ಒಳಗಿದ್ದವರಿಗೆ ಉಸಿರಾಡಲು ಗಾಳಿ ಇರುವುದಿಲ್ಲ. ಜನ ಯೋಚಿಸದೇ ಬಿಡುವುದು ಇನ್ನೊಂದನ್ನು. ಜೆಟ್‌ಗಳನ್ನು ಹೊಂದಿಸುವುದು ಸುಮಾರು 900ರಿಂದ 950 ಪಿಎಸ್‌ಐ ಲೆಕ್ಕದಲ್ಲಿ. ಬಾಟಲಿ ಕಾದು 1200 ಆದರೆ ನೈಟ್ರಸ್ ಜಾಸ್ತಿ ನುಗ್ಗುತ್ತದೆ, ಪೆಟ್ರೋಲ್ ಅಷ್ಟೇ ಇರುತ್ತದೆ. ಅಂದರೆ ಪಂಪ್ ಹೊಸದಿದ್ದರೂ ಗೆಳೆಯನ ಪಿಸ್ಟನ್ನಿಗೆ ಆದ ಗತಿಯೇ. ಬೇಸಿಗೆಯಲ್ಲಿ ನಾನು ಬಾಟಲಿಗೆ ಒದ್ದೆ ಗೋಣಿಚೀಲ ಸುತ್ತಿ ನೆರಳಲ್ಲಿ ಇಡುತ್ತೇನೆ. ಗೇಜ್ ನೋಡದೆ ವಾಲ್ವ್ ತಿರುಗಿಸುವುದಿಲ್ಲ. ಕಾರಿನಲ್ಲಿ ಬಿಟ್ಟು ಹೋಗುವ ಮಾತೇ ಇಲ್ಲ. ಚಳಿಗಾಲದಲ್ಲಿ ಬಾಟಲಿಗೆ ಬೆಂಕಿ ತಾಗಿಸಿ ಬಿಸಿ ಮಾಡುವವರನ್ನು ಕಂಡರೆ ಅಲ್ಲಿಂದ ದೂರ ಸರಿಯಿರಿ.

ಉಳಿದ ಕೆಲಸ ಮಾಮೂಲಿ. ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಗಳಿಗೆ) ಸ್ವಲ್ಪ ಹಿಂದಕ್ಕೆ, ಒಂದು ದರ್ಜೆ ತಣ್ಣನೆಯ (ಬಿಸಿಯನ್ನು ಬೇಗ ಬಿಟ್ಟುಕೊಡುವ) ಪ್ಲಗ್, ಕನಿಷ್ಠ 95 ಆಕ್ಟೇನ್ ಪೆಟ್ರೋಲ್. 3000 ಆರ್‌ಪಿಎಂಗಿಂತ ಕೆಳಗೆ ಗ್ಯಾಸ್ ಬಿಡದ ಸ್ವಿಚ್ ಬೇಕು, ಇಲ್ಲದಿದ್ದರೆ ಇನ್‌ಟೇಕ್‌ನಲ್ಲೇ (ಗಾಳಿ ಇಂಜಿನ್‌ಗೆ ಹೋಗುವ ದಾರಿಯಲ್ಲೇ) ಬ್ಯಾಕ್‌ಫೈರ್ ಆಗಬಹುದು. ಸೋರುವ ಗ್ಯಾಸ್ ಬರಿಗೈಗೆ ತಾಗಿದರೆ ಚರ್ಮ ಮರಗಟ್ಟುತ್ತದೆ, ಗ್ಲೌಸ್ ಹಾಕಿ.

ರಸ್ತೆಯಲ್ಲಿ ಓಡಿಸುವ ಗಾಡಿಗೆ? ಬೇಡ. 2019ರ ತಿದ್ದುಪಡಿ ನಂತರ ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ, ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತ ಆದರೆ ಇನ್ಶೂರೆನ್ಸ್ ಕ್ಲೇಮ್ ತಳ್ಳಿಹಾಕಲು ನೀವೇ ಕಾರಣ ಕೊಟ್ಟ ಹಾಗೆ. ಮನೆಮಂದಿಯನ್ನು ಕೂರಿಸಿಕೊಂಡು ಬಾದಾಮಿಗೋ ಕೂಡಲಸಂಗಮಕ್ಕೋ ಹೋಗುವ ಕಾರಿನ ಡಿಕ್ಕಿಯಲ್ಲಿ ಇಂಥ ಬಾಟಲಿ ಯಾಕೆ ಬೇಕು ಹೇಳಿ? ನನ್ನ ಗಾಡಿ ಟ್ರ್ಯಾಕ್‌ಗೆ ಹೋಗುವುದು ಟ್ರೇಲರ್ ಮೇಲೆ, ಬಾಟಲಿ ಜೋಡಿಸುವುದು ಅಲ್ಲಿಗೆ ಹೋದ ಮೇಲೆ.

ಟ್ರ್ಯಾಕ್ ಗಾಡಿ ಇದ್ದವರು ಕೂಡ ಕಿಟ್ ಕೊಳ್ಳುವ ಮೊದಲು ಫ್ಯುಯೆಲ್ ಲೈನಿಗೆ ಗೇಜ್ ಹಾಕಿಸಿ. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಮುಳ್ಳು ಕೆಳಗಿಳಿದರೆ, ಕಿಟ್‌ಗೆ ಇಟ್ಟ ದುಡ್ಡಲ್ಲಿ ಹೊಸ ಪಂಪ್ ಹಾಕಿಸಿ. ಪೆಟ್ರೋಲ್ ಒತ್ತಡ ಬಿದ್ದ ಕೂಡಲೇ ನೈಟ್ರಸ್ ಕಟ್ ಮಾಡುವ ಪ್ರೆಶರ್ ಸ್ವಿಚ್ ಅಂತ ಒಂದು ಬರುತ್ತದೆ. ಅಂಗಡಿಯವರು ಅದನ್ನು ಬೇಕಿದ್ದರೆ ತಗೊಳ್ಳಿ ಅನ್ನುವ ಸಾಮಾನುಗಳ ಪಟ್ಟಿಯಲ್ಲಿ ಇಟ್ಟಿರುತ್ತಾರೆ. ನೀವು ಅದನ್ನೇ ಮೊದಲು ತಗೊಳ್ಳಿ.