ಮೂಳೆಯ ಮಾದರಿಗೆ ತ್ರೀಡಿ ಪ್ರಿಂಟರ್: ನಾಲ್ಕು ವರ್ಷ ಬಳಸಿದ ಮೇಲೆ

ನಾನು ಮೂಳೆ ಶಸ್ತ್ರಚಿಕಿತ್ಸಕ. ಯಂತ್ರಗಳ ಗಂಧಗಾಳಿ ಇರಲಿಲ್ಲ. ಪ್ಲಾಸ್ಟಿಕ್ ತಂತಿ ಕರಗಿಸಿ ಪದರದ ಮೇಲೆ ಪದರ ಕೂರಿಸುವ ಸಾಧಾರಣ ಮೇಜಿನ ಪ್ರಿಂಟರ್ ನನ್ನದು. ರೋಗಿಯ ಸಿಟಿ ಸ್ಕ್ಯಾನ್‌ನಿಂದ ಮುರಿದ ಮೂಳೆಯ ಮಾದರಿಯನ್ನು ನಿಜ ಅಳತೆಯಲ್ಲಿ ಮಾಡಿಕೊಳ್ಳುತ್ತೇನೆ.

ಇದರ ಬೆಲೆ ತಿಳಿದದ್ದು ಸೊಂಟದ ಕೀಲಿನ ಬಟ್ಟಲು, ಅಂದರೆ ಅಸಿಟಾಬುಲಮ್, ಒಡೆದ ಕೇಸುಗಳಲ್ಲಿ. ಅಲ್ಲಿ ಒಡೆದ ತುಂಡುಗಳನ್ನು ಹಿಡಿದಿಡುವ ಲೋಹದ ಪ್ಲೇಟನ್ನು ಮೂಳೆಯ ತಿರುವಿಗೆ ತಕ್ಕಂತೆ ಬಗ್ಗಿಸಬೇಕು. ಮೊದಲೆಲ್ಲ ಗಾಯ ತೆರೆದಿಟ್ಟುಕೊಂಡು, ರಕ್ತ ಹೋಗುತ್ತಿರುವಾಗಲೇ ಬಗ್ಗಿಸುವುದು, ಇಟ್ಟು ನೋಡುವುದು, ಮತ್ತೆ ಬಗ್ಗಿಸುವುದು. ಈಗ ಪೆಟ್ಟಾಗದ ಬದಿಯ ಮೂಳೆಯನ್ನು ಕಂಪ್ಯೂಟರಿನಲ್ಲಿ ಕನ್ನಡಿ ಬಿಂಬದಂತೆ ತಿರುಗಿಸಿ ಮುದ್ರಿಸುತ್ತೇನೆ. ಅದರ ಮೇಲೆ ಪ್ಲೇಟನ್ನು ಹಿಂದಿನ ದಿನವೇ ನಿಧಾನವಾಗಿ ಬಗ್ಗಿಸಿ, ಸ್ಟೆರಿಲೈಸ್‌ಗೆ ಕಳಿಸುತ್ತೇನೆ. ಒಡೆದ ಬದಿಯದೂ ಒಂದು ಮಾದರಿ ಬೇಕು. ತುಂಡು ಎಷ್ಟು ಒಳಗೆ ಕುಸಿದಿದೆ ಎಂಬುದು ಪರದೆಯ ಮೇಲೆ ಎಷ್ಟು ತಿರುಗಿಸಿ ನೋಡಿದರೂ ಹೊಳೆಯದು, ಬೆರಳಾಡಿಸಿದರೆ ತಕ್ಷಣ ಗೊತ್ತಾಗುತ್ತದೆ.

ಪ್ರಿಂಟರಿನದು ಕೊನೆಯ ಕೆಲಸ, ನಿಜವಾದ ದುಡಿಮೆ ಅದಕ್ಕೂ ಮೊದಲು. ಸ್ಕ್ಯಾನ್ 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಅಡ್ಡಸೀಳುಗಳಲ್ಲಿ, ಅಂದರೆ ಸ್ಲೈಸ್‌ಗಳಲ್ಲಿ ಬೇಕು. 5 ಮಿ.ಮೀ. ಸ್ಲೈಸ್ ಕೊಟ್ಟರೆ ಮೂಳೆಯ ಮೈಯೆಲ್ಲ ಮೆಟ್ಟಿಲು ಮೆಟ್ಟಿಲು. ಆಮೇಲೆ ಮೂಳೆಯನ್ನು ಮಾಂಸದಿಂದ ಬೇರ್ಪಡಿಸುವ ಸೆಗ್ಮೆಂಟೇಶನ್. ನಾನು ಬಳಸುವ ತ್ರೀಡಿ ಸ್ಲೈಸರ್ ಉಚಿತ ತಂತ್ರಾಂಶ, ಆದರೆ ತಾಳ್ಮೆ ನಮ್ಮದೇ ಖರ್ಚು. ಎಷ್ಟು ಸಾಂದ್ರತೆಯಿಂದ ಮೇಲಿನದನ್ನು ಮೂಳೆ ಎನ್ನಬೇಕು ಎಂಬ ಮಿತಿಯನ್ನು ಏರಿಸಿದರೆ ಸೊಂಟದ ಮೂಳೆಯ ತೆಳುಭಾಗದಲ್ಲಿ ಇಲ್ಲದ ತೂತು ಬೀಳುತ್ತದೆ. ಇಳಿಸಿದರೆ ತೊಡೆ ಮೂಳೆಯ ತಲೆ ಬಟ್ಟಲಿಗೇ ಅಂಟಿಕೊಂಡು ಬರುತ್ತದೆ. ಕೀಲಿನ ಸಂದನ್ನು ಎಷ್ಟೋ ಸಲ ಕೈಯಿಂದಲೇ ಬಿಡಿಸಿದ್ದೇನೆ. ಹಳೆಯ ಸ್ಕ್ರೂ, ಪ್ಲೇಟ್ ಒಳಗಿದ್ದರೆ ಲೋಹದ ಗೆರೆಗಳು ಚಿತ್ರವನ್ನೇ ಕೆಡಿಸುತ್ತವೆ. ಅಂಥ ಕೇಸಿನಲ್ಲಿ ಮಾದರಿಯನ್ನು ಅರ್ಧ ಮಾತ್ರ ನಂಬುತ್ತೇನೆ.

ಎರಡು ತಪ್ಪು ನನ್ನವೇ. ಪಿಎಲ್‌ಎ ಪ್ಲಾಸ್ಟಿಕ್ಕಿನ ಮಾದರಿಯೊಂದನ್ನು ಹಬೆಯಲ್ಲಿ ಸ್ಟೆರಿಲೈಸ್ ಮಾಡುವ ಆಟೋಕ್ಲೇವ್‌ಗೆ ಹಾಕಿಸಿದೆ. ಆ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ, ಆಟೋಕ್ಲೇವಿನ ಹಬೆ 121 ಡಿಗ್ರಿಯದು. ಹೊರಬಂದದ್ದನ್ನು ಮೂಳೆ ಎನ್ನಲು ಯಾರಿಗೂ ಧೈರ್ಯವಿರಲಿಲ್ಲ. ಈಗ ಮಾದರಿ ಆಪರೇಷನ್ ಟೇಬಲ್ಲಿನಿಂದ ದೂರವೇ ಇರುತ್ತದೆ. ಎರಡನೆಯದು ನೆನೆದರೆ ಇಂದಿಗೂ ಬೆವರು: ಬಿಂಬದ ಮಾದರಿಯನ್ನೂ ಮೂಲದ್ದನ್ನೂ ಹೆಸರು ಬರೆಯದೆ ಪಕ್ಕಪಕ್ಕ ಇಟ್ಟು, ಎಡ-ಬಲ ಅದಲುಬದಲಾಯಿತು. ಪ್ಲೇಟ್ ಬಗ್ಗಿಸಲು ಕೂತಾಗ ಪುಣ್ಯಕ್ಕೆ ಕಣ್ಣಿಗೆ ಬಿತ್ತು. ಅಂದಿನಿಂದ ಬದಿಯ ಗುರುತು ಮಾದರಿಯಲ್ಲೇ ಉಬ್ಬಕ್ಷರದಲ್ಲಿ ಮುದ್ರಣವಾಗುತ್ತದೆ.

ಸೊಂಟದ ಅರ್ಧಭಾಗ ಮುಗಿಯಲು ನನ್ನ ಯಂತ್ರಕ್ಕೆ ಒಂದು ರಾತ್ರಿಗೂ ಮೀರಿ ಬೇಕು. ಕೆಲವೊಮ್ಮೆ ಬೆಳಿಗ್ಗೆ ನೋಡಿದರೆ ಮೂಳೆಯ ಬದಲು ದಾರದ ಸಿಕ್ಕು. ಹಾಗಾಗಿ ತುರ್ತು ಕೇಸಿಗೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ಮಣಿಕಟ್ಟಿನ ಸರಳ ಮುರಿತಕ್ಕೆ ಬೇಕಾಗಿಯೂ ಇಲ್ಲ. ಇನ್ನೊಂದು ಮಾತು: ಮಾದರಿಯಲ್ಲಿ ನರವಿಲ್ಲ, ರಕ್ತನಾಳವಿಲ್ಲ, ಸ್ನಾಯುವಿನ ಎಳೆತವಿಲ್ಲ. ಪ್ಲಾಸ್ಟಿಕ್ ಮೇಲೆ ಸಲೀಸಾಗಿ ಕೂತ ಪ್ಲೇಟನ್ನು ಒಳಗೆ ಅದೇ ಜಾಗಕ್ಕೆ ತಲುಪಿಸಲು ದಾರಿಯೇ ಸಿಗದೆ, ಹಳೆಯ ರೀತಿಯಲ್ಲೇ ಮತ್ತೆ ಬಗ್ಗಿಸಿದ ದಿನಗಳೂ ಉಂಟು.

ಐದರಲ್ಲಿ ನಾಲ್ಕು ನಕ್ಷತ್ರ. ಕಳೆದ ಒಂದು ಆ ಸೆಗ್ಮೆಂಟೇಶನ್ ತಿಂದುಹಾಕಿದ ಸಂಜೆಗಳದ್ದು.