ಕಟಿಂಗ್ ಮಷಿನ್ ಬರುವ ತನಕ ಕಾಂಕ್ರೀಟ್ ಸುರಿಯಲು ಬಿಡಬೇಡಿ

ಸಿಂಧನೂರು ಹತ್ತಿರ ನಮ್ಮ ಭತ್ತದ ಗೋದಾಮಿನ ದಾರಿಗೆ ಏಪ್ರಿಲ್‌ನಲ್ಲಿ ಕಾಂಕ್ರೀಟ್ ಹಾಕಿಸಿದೆ. 200 ಅಡಿ ಉದ್ದ, 12 ಅಡಿ ಅಗಲ, 6 ಇಂಚು ದಪ್ಪ. ಕೆಳಗೆ ಎರೆ ಮಣ್ಣು, ಮೇಲೆ ಲೋಡ್ ಲಾರಿ ಓಡಾಟ, ಅದಕ್ಕೇ ಖರ್ಚು ಜಾಸ್ತಿಯಾದರೂ ಇರಲಿ ಅಂತ ಕಬ್ಬಿಣದ ಜಾಲರಿಯನ್ನೂ ಹಾಕಿಸಿದೆ. "ಕಬ್ಬಿಣ ಐತಲ್ರೀ, ಸೀಳಂಗಿಲ್ಲ" ಅಂದರು ಗುತ್ತಿಗೆದಾರರು. ನಂಬಿದೆ.

ಮೂರನೇ ದಿನ ಒದ್ದೆ ಗೋಣಿಚೀಲ ಎತ್ತಿದರೆ ಈ ಅಂಚಿನಿಂದ ಆ ಅಂಚಿಗೆ ಅಡ್ಡ ಸೀಳು. ಒಂದಲ್ಲ, ಐದು. ಚೊಂಬಿನಿಂದ ನೀರು ಹನಿಸಿದೆ, ನಿಲ್ಲದೆ ಒಳಗೇ ಇಳಿದುಹೋಯಿತು. ಹೊಟ್ಟೆ ಉರಿಯಿತು.

ಕಬ್ಬಿಣ ಬಿರುಕನ್ನು ತಡೆಯುವುದಿಲ್ಲ. ಬಿಟ್ಟ ಬಿರುಕು ಬಾಯಿ ತೆರೆಯದಂತೆ ಹಿಡಿದಿಡುತ್ತದೆ, ಅಷ್ಟೇ. ಅದಕ್ಕೂ ಜಾಲರಿ ಮೇಲಿನಿಂದ ಎರಡು ಇಂಚು ಕೆಳಗೆ ಇರಬೇಕು. ನಮ್ಮದರಲ್ಲಿ ಕೆಳಗೆ ಆಸರೆಯೇ ಇಟ್ಟಿರಲಿಲ್ಲ, ಕೆಲಸದವರು ಅದರ ಮೇಲೇ ಓಡಾಡಿದರು. ಪಕ್ಕದ ಹಲಗೆ ಬಿಚ್ಚಿದಾಗ ಸರಳಿನ ತುದಿ ಕೆಳಗೆ ಹಾಸಿದ್ದ ಗರಸಿಗೆ ಅಂಟಿಕೊಂಡಿತ್ತು.

ಆದರೆ ದೊಡ್ಡ ತಪ್ಪು ಬೇರೆ. ಕಾಂಕ್ರೀಟ್ ಒಣಗುತ್ತಾ, ರಾತ್ರಿ ತಣ್ಣಗಾಗುತ್ತಾ ಕುಗ್ಗುತ್ತದೆ. ಕೆಳಗಿನ ನೆಲ ಅದನ್ನು ಸರಿಯಲು ಬಿಡುವುದಿಲ್ಲ, ಆಗ ಎಲ್ಲೋ ಒಂದು ಕಡೆ ಸೀಳಲೇಬೇಕು ಅಲ್ವಾ? ಎಲ್ಲಿ ಸೀಳಬೇಕು ಅಂತ ನಾವೇ ಕಟಿಂಗ್ ಮಷಿನ್‌ನಿಂದ ಗೆರೆ ಕೊಯ್ದು ಕೊಡಬೇಕು. 6 ಇಂಚು ದಪ್ಪಕ್ಕೆ 12ರಿಂದ 15 ಅಡಿಗೊಂದು ಗೆರೆ, ಆಳ ಎರಡು ಇಂಚು. ಸುಮ್ನೆ ಮೇಲೆ ಗೀರಿದರೆ ಸಾಲದು. ಬ್ಲೇಡಿಗೆ ಜಲ್ಲಿ ಕಿತ್ತು ಬರದಷ್ಟು ಗಟ್ಟಿಯಾದ ಕೂಡಲೇ ಶುರು ಮಾಡಬೇಕು, ನಮ್ಮ ಬೇಸಿಗೆಯಲ್ಲಿ ಅಂದರೆ ಅದೇ ದಿನ ಸಂಜೆಯೋ ರಾತ್ರಿಯೋ. ನಮ್ಮಲ್ಲಿ ಮಷಿನ್ ಬಂದಿದ್ದು ನಾಲ್ಕನೇ ದಿನ.

ಸುರಿದದ್ದೂ ಮಟಮಟ ಮಧ್ಯಾಹ್ನ. ಬಿಸಿಗಾಳಿ ಬೇರೆ. ಕಲಸಿದ್ದು ಗಟ್ಟಿಯಾಗುತ್ತಿದೆ ಅಂತ ಬಕೆಟ್ಟುಗಟ್ಟಲೆ ನೀರು ಸೇರಿಸಿದರು, ನಾನು ಎದುರಿಗೇ ನಿಂತಿದ್ದೆ, ತಡೆಯಲಿಲ್ಲ. ನೀರು ಜಾಸ್ತಿಯಾದಷ್ಟೂ ಕುಗ್ಗುವುದೂ ಜಾಸ್ತಿ.

ಈಗ ಸೀಳುಗಳಿಗೆ ಸೀಲೆಂಟ್ ತುಂಬಿಸುತ್ತಿದ್ದೇನೆ. ಮಳೆ ನೀರು ಇಳಿದು ಎರೆ ಮಣ್ಣು ಉಬ್ಬಿದರೆ ಸ್ಲ್ಯಾಬೇ ಮೇಲೇಳುತ್ತದೆ. ಗೋದಾಮಿನ ಹಿಂದಿನ ಭಾಗ ಇನ್ನೂ ಬಾಕಿ ಇದೆ, ಅದನ್ನು ಡಿಸೆಂಬರ್‌ಗೆ ಇಟ್ಟುಕೊಂಡಿದ್ದೇನೆ. ಮಷಿನ್ ಬಂದು, ಬ್ಲೇಡ್ ಹಾಕಿ, ಒಂದು ಸಲ ಓಡಿಸಿ ತೋರಿಸಿದ ಮೇಲೇ ಮೊದಲ ಬುಟ್ಟಿ ಸುರಿಯಬೇಕು ಅಂತ ಕರಾರಿನಲ್ಲೇ ಬರೆಸಿದ್ದೇನೆ.