ಬೈಲುಕುಪ್ಪೆ ಪ್ರವಾಸ: ಚಿನ್ನದ ಮೂರ್ತಿ ಕಂಡಿತು, ವಿದ್ಯಾಪೀಠ ಕಾಣಲಿಲ್ಲ

ಕುಶಾಲನಗರದ ಪ್ರವಾಸ ಸಂಸ್ಥೆಯೊಂದು ಮಾರ್ಗದರ್ಶಿ ಸಹಿತ ನಡೆಸುವ, ಟಿಬೆಟನ್ ನಿರಾಶ್ರಿತರ ನೆಲೆಯಾದ ಬೈಲುಕುಪ್ಪೆಯ ಅರ್ಧ ದಿನದ ಪ್ರವಾಸದಲ್ಲಿ ವಾಹನ, ಚಾಲಕ, ಸಮಯಪಾಲನೆಗಳ ಬಗ್ಗೆ ದೂರುವಂಥದ್ದೇನೂ ಇಲ್ಲ. ಕೊರತೆಯಿರುವುದು ವಿವರಣೆಯಲ್ಲಿ. (ಕರಪತ್ರದಲ್ಲಿ ‘ಕೊಡಗಿನ ಗೋಲ್ಡನ್ ಟೆಂಪಲ್’ ಎಂದಿದೆ, ಕಾವೇರಿಯಾಚೆಯ ಆ ಊರು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನದು ಎಂಬುದನ್ನು ಕೊಡಗಿನವರಾದ ನಾವು ಎತ್ತಿ ಆಡುವುದಿಲ್ಲ.)

ನಾಮ್‌ಡ್ರೋಲಿಂಗ್ ಮಠದಲ್ಲಿ ಮಾರ್ಗದರ್ಶಿಯ ಮಾತೆಲ್ಲ ಮೂರ್ತಿಗಳ ಎತ್ತರ, ಚಿನ್ನದ ಲೇಪ, ಫೋಟೊಕ್ಕೆ ಒಪ್ಪುವ ಜಾಗಗಳಲ್ಲೇ ಮುಗಿಯಿತು. ಟಿಬೆಟನ್ ಧರ್ಮಗುರು ಪೆನೋರ್ ರಿನ್‌ಪೋಚೆಯವರು 1963ರಲ್ಲಿ ಸ್ಥಾಪಿಸಿದ ಈ ಮಠದಲ್ಲಿ ಸ್ವರ್ಣಮಂದಿರ ಉದ್ಘಾಟನೆಯಾದದ್ದು 1999ರಲ್ಲಿ. ಉನ್ನತ ವ್ಯಾಸಂಗಕ್ಕೆಂದೇ ಮೀಸಲಾದ, ಟಿಬೆಟನ್ ಬೌದ್ಧರ ನ್ಯಿಂಗ್ಮಾ ಪಂಥದ ವಿದ್ಯಾಸಂಸ್ಥೆ ಅದಕ್ಕೂ ಎರಡು ದಶಕ ಮೊದಲು, 1978ರಲ್ಲೇ, ಆರಂಭವಾಗಿತ್ತು. ನಿರಾಶ್ರಿತರಾಗಿ ಬಂದ ಸಮುದಾಯವೊಂದು ಯಾವುದಕ್ಕೆ ಆದ್ಯತೆ ಕೊಟ್ಟಿತೆಂಬುದನ್ನು ಈ ಎರಡು ಇಸವಿಗಳೇ ಹೇಳುತ್ತವೆ. ಅವುಗಳಲ್ಲಿ ಒಂದನ್ನೂ ನಾವು ಮಾರ್ಗದರ್ಶಿಯ ಬಾಯಿಂದ ಕೇಳಲಿಲ್ಲ.

ಸೆರಾ ಮಠದಲ್ಲಿ ನಷ್ಟ ಇನ್ನೂ ಹೆಚ್ಚು. 1419ರಲ್ಲಿ ಲ್ಹಾಸಾದ ಬಳಿ ಸ್ಥಾಪನೆಯಾಗಿ, ಟಿಬೆಟ್ ಕೈತಪ್ಪಿದ ಬಳಿಕ ಇಲ್ಲಿ ಮತ್ತೆ ನೆಲೆಯೂರಿದ ಈ ಮಹಾವಿಹಾರದಲ್ಲಿ ಬೌದ್ಧ ದರ್ಶನದ ಉನ್ನತ ಪದವಿಯಾದ ಗೆಶೆಗಾಗಿ ಹದಿನೈದು ವರ್ಷಕ್ಕೂ ಮೀರಿ ಬೌದ್ಧ ಶಾಸ್ತ್ರಗಳನ್ನು ಓದಬೇಕು: ಧರ್ಮಕೀರ್ತಿಯ ಪ್ರಮಾಣಶಾಸ್ತ್ರ (ತರ್ಕ), ಪ್ರಜ್ಞಾಪಾರಮಿತಾ, ಮಾಧ್ಯಮಿಕ, ಅಭಿಧರ್ಮ, ವಿನಯ. ಅಂಗಳದಲ್ಲಿ ಒಬ್ಬರು ನಿಂತು ಚಪ್ಪಾಳೆ ತಟ್ಟಿ ಪ್ರಶ್ನೆ ಹಾಕುತ್ತಾರೆ, ಕುಳಿತವರು ತಮ್ಮ ಪಕ್ಷವನ್ನು ಸಮರ್ಥಿಸಿಕೊಳ್ಳಬೇಕು. ಇದೇ ಅಲ್ಲಿನ ಪಾಠಕ್ರಮದ ಜೀವಾಳ. ನಮ್ಮ ಮಾರ್ಗದರ್ಶಿ ಅದನ್ನು ‘ಸಂಜೆಯ ಪ್ರಾರ್ಥನೆ’ ಎಂದು ಹೇಳಿ ಮುಂದೆ ನಡೆದರು.

ಈ ಮಠಗಳು ಹಳೆಯದನ್ನು ಕಾಪಿಟ್ಟುಕೊಂಡಷ್ಟೇ ಕುಳಿತಿಲ್ಲ. ದಲೈ ಲಾಮಾ ಅವರ ಒತ್ತಾಸೆಯಿಂದ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ 2006ರಲ್ಲಿ ರೂಪುಗೊಂಡ ಯೋಜನೆಯ ಮೂಲಕ ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನಗಳು ಸೆರಾದಂಥ ಗೆಲುಗ್ ಪಂಥದ ಮಠಗಳ ವ್ಯಾಸಂಗದೊಳಗೆ ಬಂದಿವೆ. ಶತಮಾನಗಳ ಕಾಲ ಪುರುಷರಿಗಷ್ಟೇ ಸಲ್ಲುತ್ತಿದ್ದ ಗೆಶೆ ಪದವಿಗೆ ಸಮನಾದ ಗೆಶೆಮಾ ಪದವಿಯನ್ನು 2016ರಲ್ಲಿ ನಮ್ಮದೇ ರಾಜ್ಯದ ಮುಂಡಗೋಡಿನಲ್ಲಿ 20 ಮಂದಿ ಸನ್ಯಾಸಿನಿಯರು ಪಡೆದರು. ನಾಮ್‌ಡ್ರೋಲಿಂಗ್‌ಗೆ ಸೇರಿದ ಸನ್ಯಾಸಿನಿಯರ ಮಠವೂ ಬೈಲುಕುಪ್ಪೆಯಲ್ಲೇ ಇದೆ. ಪ್ರವಾಸದ ಪಟ್ಟಿಯಲ್ಲಿ ಅದರ ಹೆಸರಿಲ್ಲ, ಬದಲಿಗೆ ಶಾಲು, ಅಗರಬತ್ತಿಯ ಅಂಗಡಿಗಳಿಗೆ ಧಾರಾಳ ಸಮಯವಿದೆ.

ಕುಟುಂಬ ಸಮೇತ ಹೋಗಿ ಫೋಟೊ ತೆಗೆದು, ಮೊಮೊ ತಿಂದು ಮರಳುವವರಿಗೆ ಈ ಸೇವೆ ಸಾಕು. ವಿದ್ಯಾರ್ಥಿಗಳನ್ನು ಕರೆದೊಯ್ಯುವ ಮಡಿಕೇರಿ, ವಿರಾಜಪೇಟೆಯ ಅಧ್ಯಾಪಕರು ಮಾತ್ರ ಇವರಿಂದ ವಾಹನವನ್ನಷ್ಟೇ ಗೊತ್ತುಮಾಡಿಕೊಂಡು, ಮಠದ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಅಲ್ಲಿ ಓದುತ್ತಿರುವ ಭಿಕ್ಷುಗಳೊಬ್ಬರ ಜೊತೆ ಮಾತುಕತೆಗೆ ಅವಕಾಶ ಕೇಳುವುದು ಲೇಸು.